ಜಾತ್ರೆಯ ಹುಡುಗ ಬಿಲ್ಲಿ ಬಟ್ಲಿನ್

ಜೀವನಚರಿತ್ರೆಗಳನ್ನು ಓದುವ ಅಭಿರುಚಿಯುಳ್ಳವರು ಸಾಮಾನ್ಯವಾಗಿ ರಾಜರನ್ನು, ಸೇನಾಪತಿಗಳನ್ನು, ಕವಿಗಳನ್ನು, ವಿಜ್ಞಾನಿಗಳನ್ನು ಅರಸಿಕೊಂಡು ಹೋಗುತ್ತಾರೆ. ಜನಕ್ಕೆ ಅನ್ನವನ್ನಿತ್ತವರ ಕಥೆ ನಮಗೆ ಬೇಕು. ವಿದ್ಯೆಯನ್ನಿತ್ತವರ ಕಥೆಯೂ ಬೇಕು. ಜನಕ್ಕೆ ವಿರಾಮವನ್ನು ಒದಗಿಸಿದವರ ಕಥೆಯನ್ನು ಮಾತ್ರ ನಾವು ಕೇಳುವುದು ಕಡಮೆ. ವಿರಾಮವೆಂಬುದು ಕೇಳಿ ಪಡೆಯಬೇಕಾದ ವಸ್ತುವೇ ಎಂಬ ಸಂದೇಹ ನಮ್ಮಲ್ಲಿ ಅನೇಕರಿಗುಂಟು. ಆದರೆ ವರ್ಷದ ಐವತ್ತೆರಡು ವಾರವೂ ಗಿರಣಿಯಲ್ಲೋ ಗಣಿಯಲ್ಲೋ ದುಡಿಯುವವನಿಗೆ ಒಂದು ವಾರದ ಬಿಡುವು ಎಂದರೇನೆಂಬುದು ಆ ಬಿಡುವಿಲ್ಲದವನಿಗೇ ಗೊತ್ತು. ಅಂಥ ಬಿಡುವನ್ನು ವ್ಯಾಪಾರದ ಸರಕನ್ನಾಗಿ ಮಾಡಿ, ಬಡವನಿಗೆ ಎಟಕುವ ಬೆಲೆಗೆ ಮಾರಿದ ಒಬ್ಬನ ಬಾಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವನನ್ನು ದಾನಿಯೆನ್ನಬೇಕೋ ವರ್ತಕನೆನ್ನಬೇಕೋ ಎಂಬ ಪ್ರಶ್ನೆ ಅವನ ಆತ್ಮಕಥೆಯನ್ನು ಓದಿದಂದಿನಿಂದ ನನ್ನನ್ನು ಬಿಟ್ಟಿಲ್ಲ. ವಾಚಕರು ಕಥೆಯನ್ನು ಕೇಳಿ ತಾವೇ ತೀರ್ಮಾನಿಸಲಿ.

ವಿಲಿಯಂ ಬಟ್ಲಿನ್ ಹುಟ್ಟಿದ್ದು ೧೮೯೯ನೆಯ ಇಸವಿ ಸೆಪ್ಟೆಂಬರ್ ೨೯ರಂದು, ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ. ತಂದೆಯದು ಪಾದ್ರಿಗಳ ಮನೆತನ, ಅನುಕೂಲಸ್ಥರ ಕುಲ. ತಾಯಿಯದು ಊರಿಂದೂರಿಗೆ ಗಾಡಿ ಕಟ್ಟಿಕೊಂಡು ತಿರುಗುತ್ತಿದ್ದ ಜಾತ್ರೆಯ ಜನರ ಕುಲ. ಇಂಥ ಮದುವೆಯನ್ನು ಇಂಗ್ಲೆಂಡಿನ ಅಂದಿನ ಸಮಾಜ ಮೆಚ್ಚಲಿಲ್ಲ. ದಂಪತಿಗಳು ಕಡಲು ದಾಟಿ ಹೋಗಿ ನೆಲೆಯೂರಲು ನೋಡಿದರು. ಅಲ್ಲಿಯೂ ಸಂಸಾರ ಕುದುರಲಿಲ್ಲ. ಹುಡುಗನಿಗೆ ಏಳು ವರ್ಷವಾಗುವ ಹೊತ್ತಿಗೆ ತಾಯಿ ಅವನನ್ನು ಕರೆದುಕೊಂಡು ಇಂಗ್ಲೆಂಡಿಗೆ, ತನ್ನವರ ಬಳಿಗೆ, ಹಿಂತಿರುಗಿದಳು.

ಆ ಬಳಿಕ ಕೆಲವು ವರ್ಷ ಅವನಿಗೆ ಜಾತ್ರೆಯೇ ಮನೆ, ಜಾತ್ರೆಯೇ ಪಾಠಶಾಲೆ. ತಾಯಿ ಶುಂಠಿ ಬೆರೆಸಿದ ಸಿಹಿ ರೊಟ್ಟಿಗಳನ್ನು ಮಾರುತ್ತಿದ್ದಳು. ಇಂದು ಒಂದೂರು, ಇನ್ನೊಂದು ವಾರಕ್ಕೆ ಮತ್ತೊಂದೂರು. ಜನ ಯಾವ ಅಂಗಡಿಯ ಮುಂದೆ ನಿಲ್ಲುತ್ತಾರೆ, ಯಾವುದನ್ನು ಕಂಡು ಮುಂದೆ ಹೋಗುತ್ತಾರೆ, ಮಗುವಿನ ಹಟಕ್ಕೆ ತಂದೆಯ ಜೇಬಿನಿಂದ ಕಾಸು ಹೇಗೆ ಹೊರಬರುತ್ತದೆ ಎಂಬುದೆಲ್ಲ ಆ ಹುಡುಗನ ಕಣ್ಣಿಗೆ ಬಿದ್ದಿತು. ಪುಸ್ತಕದ ವಿದ್ಯೆ ಮಾತ್ರ ತಲೆಗೆ ಹತ್ತಲಿಲ್ಲ. ತಾಯಿ ಮರುಮದುವೆಯಾಗಿ ಕೆನಡಕ್ಕೆ ಹೊರಟಾಗ ಅವನನ್ನು ಎರಡು ವರ್ಷ ಬ್ರಿಸ್ಟಲಿನ ಬಂಧುಗಳಲ್ಲಿ ಬಿಟ್ಟುಹೋದಳು. ಆಮೇಲೆ ಟೊರಾಂಟೊಗೆ ಕರೆಸಿಕೊಂಡಳು. ಅಲ್ಲಿನ ಶಾಲೆಯಲ್ಲಿ ಅವನ ಉಚ್ಚಾರಣೆಯನ್ನು ಕೇಳಿ ಮಕ್ಕಳು ನಕ್ಕರು. ಅವನು ಬೇಗನೆ ಶಾಲೆ ಬಿಟ್ಟು ಈಟನ್ ಎಂಬ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ.

ಈ ಅಂಗಡಿಯವರು ತಮ್ಮ ನೌಕರರಿಗಾಗಿ ಒಂದು ಬೇಸಗೆಯ ಶಿಬಿರವನ್ನು ಇಟ್ಟಿದ್ದರು. ದುಡಿಯುವ ಹುಡುಗರು ಅಲ್ಲಿಗೆ ಹೋಗಿ ಈಜಿ, ಆಡಿ, ಒಟ್ಟಿಗೆ ಉಂಡು ಬರುತ್ತಿದ್ದರು. ಬಟ್ಲಿನ್ನನಿಗೆ ರಜವೆಂಬುದರ ರುಚಿ ಹತ್ತಿದ್ದು ಅಲ್ಲಿ. ಕೂಲಿಯಾಳಿಗೂ ರಜವುಂಟು, ಅದನ್ನು ಇತರರೊಡನೆ ಕಳೆಯುವುದರಲ್ಲಿ ಒಂದು ಬಗೆಯ ಸುಖವುಂಟು ಎಂಬ ಅರಿವು ಅವನ ಮನಸ್ಸಿನ ಮೂಲೆಯಲ್ಲಿ ಕುಳಿತಿತು. ಅದು ಮೊಳೆಯುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು.

ನಡುವೆ ಮೊದಲನೆಯ ಮಹಾಯುದ್ಧ ಬಂದಿತು. ಅವನು ಕೆನಡದ ಸೈನ್ಯದಲ್ಲಿ ಕಹಳೆಯೂದುವವನಾಗಿ ಸೇರಿ ಫ್ರಾನ್ಸಿನ ರಣರಂಗವನ್ನು ಕಂಡ. ಯುದ್ಧ ಮುಗಿದ ಮೇಲೆ ಟೊರಾಂಟೊದ ಬಾಳು ಒಗ್ಗಲಿಲ್ಲ. ೧೯೨೧ರಲ್ಲಿ ದನಗಳನ್ನು ಸಾಗಿಸುವ ಹಡಗೊಂದರಲ್ಲಿ ಚಾಕರಿ ಮಾಡುತ್ತ ಲಿವರ್‌ಪೂಲಿಗೆ ಬಂದಿಳಿದ. ಆಗ ಅವನ ಬಳಿ ಇದ್ದದ್ದು ೫ ಪೌಂಡು. ಆ ಹಣವನ್ನು ಉಳಿಸಿಕೊಳ್ಳಲು ಅವನು ನಡೆದೇ ಬ್ರಿಸ್ಟಲಿನ ದಾರಿ ಹಿಡಿದನೆಂದು ಹೇಳುತ್ತಾರೆ. ಅಲ್ಲಿ ತಾಯಿಯ ಕಡೆಯವರು ಇನ್ನೂ ಜಾತ್ರೆಯ ಕಸುಬಿನಲ್ಲೇ ಇದ್ದರು. ಸೋದರಮಾವನ ನೆರವಿನಿಂದ ಅವನು ಬಳೆಯೆಸೆಯುವ ಆಟದ ಒಂದು ಅಂಗಡಿಯನ್ನು ಹೂಡಿದ.

ಈ ಆಟವನ್ನು ನಮ್ಮ ವಾಚಕರೂ ನೋಡಿರಬಹುದು. ಮೇಜಿನ ಮೇಲೆ ಮರದ ಪುಟ್ಟ ದಿಮ್ಮಿಗಳು. ದಿಮ್ಮಿಯ ಮೇಲೊಂದು ಬಹುಮಾನ. ದೂರದಿಂದ ಎಸೆದ ಬಳೆ ದಿಮ್ಮಿಯನ್ನು ಪೂರ್ತಿ ಸುತ್ತಿಕೊಂಡು ಬಿದ್ದರೆ ಬಹುಮಾನ ನಮ್ಮದು. ಈ ಕಸುಬಿನ ಹಳಬರು ಬಳೆ ಸುಲಭವಾಗಿ ಇಳಿಯದಂಥ ದಿಮ್ಮಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಜನ ಸೋಲಬೇಕು, ಅಂಗಡಿಯವ ಗೆಲ್ಲಬೇಕು. ಅದು ಕಸುಬಿನ ಧರ್ಮವೆಂದೇ ಅವರ ಭಾವನೆ. ಬಟ್ಲಿನ್ ದಿಮ್ಮಿಗಳನ್ನು ಚಿಕ್ಕವು ಮಾಡಿದ. ಬಳೆ ಸಲೀಸಾಗಿ ಇಳಿಯತೊಡಗಿತು, ಜನ ಗೆಲ್ಲತೊಡಗಿದರು. ಗೆದ್ದವನ ಕೈಯಲ್ಲಿನ ಬೊಂಬೆಯನ್ನು ಕಂಡು ಮತ್ತೆ ಹತ್ತು ಮಂದಿ ಓಡಿಬಂದರು. ಒಂದೊಂದು ಆಟದಲ್ಲಿ ಲಾಭ ಇಳಿಯಿತು. ದಿನದ ಕೊನೆಗೆ ಎಣಿಸಿದರೆ ಹಳಬರಿಗಿಂತ ಅವನ ಪೆಟ್ಟಿಗೆಯೇ ತುಂಬಿತ್ತು. ಅವನ ಮುಂದಿನ ಜೀವನದ ಸೂತ್ರವೆಲ್ಲ ಈ ದಿಮ್ಮಿಗಳಲ್ಲಿ ಅಡಗಿದೆಯೆಂದು ನನಗನ್ನಿಸುತ್ತದೆ. ಗಿರಾಕಿಯನ್ನು ಸೋಲಿಸಿ ಹಣ ಮಾಡಬಹುದು. ಗೆಲ್ಲಿಸಿಯೂ ಹಣ ಮಾಡಬಹುದು. ಎರಡನೆಯ ದಾರಿ ಹೆಚ್ಚು ದೂರ ಹೋಗುತ್ತದೆ ಎಂಬುದನ್ನು ಆ ಇಪ್ಪತ್ತೊಂದರ ತರುಣ ಕಂಡುಕೊಂಡ.

ಈ ತಿರುಗಾಟದ ದಿನಗಳಲ್ಲಿಯೇ ಅವನು ವೇಲ್ಸಿನ ಬ್ಯಾರಿ ದ್ವೀಪದಲ್ಲಿ ಒಂದು ದೃಶ್ಯವನ್ನು ಕಂಡ. ಕಡಲತೀರಕ್ಕೆ ಬಂದ ಬಡ ಕುಟುಂಬಗಳು ಅಲ್ಲಿನ ಬಾಡಿಗೆ ಮನೆಗಳಲ್ಲಿ ಇಳಿದುಕೊಳ್ಳುತ್ತಿದ್ದವು. ಆ ಮನೆಗಳಲ್ಲಿ ಒಂದು ನಿಯಮವಿತ್ತು: ಬೆಳಗಿನ ಉಪಾಹಾರವಾದ ಮೇಲೆ ಬಿಡಾರದವರೆಲ್ಲ ಹೊರಗೆ ಹೋಗಬೇಕು, ಮತ್ತೆ ಊಟದ ವೇಳೆಗಲ್ಲದೆ ಒಳಕ್ಕೆ ಬರಕೂಡದು. ಬಿಸಿಲಿದ್ದರೆ ಸರಿ. ಮಳೆ ಹಿಡಿಯಿತೆಂದರೆ ತಂದೆ, ತಾಯಿ, ಮಕ್ಕಳು ತೊಯ್ದ ಬಟ್ಟೆಯಲ್ಲಿ ಯಾವುದಾದರೂ ಸೂರಿನಂಚಿನಲ್ಲಿ ನಡುಗುತ್ತ ನಿಲ್ಲಬೇಕು. ವರ್ಷವೆಲ್ಲ ಕಾಸಿಗೆ ಕಾಸು ಕೂಡಿಸಿ ತಂದ ರಜ ಹೀಗೆ ಕರಗಿಹೋಗುವುದನ್ನು ನೋಡಿ ಅವನ ಮನಸ್ಸು ಮರುಗಿತು. ವರ್ತಕನ ಮನಸ್ಸಾದ್ದರಿಂದ, ಮರುಗಿ ಸುಮ್ಮನಾಗದೆ ಲೆಕ್ಕ ಹಾಕಿತು.

೧೯೨೭ರಲ್ಲಿ ಅವನು ಲಿಂಕನ್‌ಷೈರಿನ ಸ್ಕೆಗ್ನೆಸ್ ಎಂಬ ಕಡಲೂರಿನಲ್ಲಿ ಜಾಗವನ್ನು ಗುತ್ತಿಗೆಗೆ ಹಿಡಿದು ನೆಲೆಯಾದ ವಿನೋದೋದ್ಯಾನವೊಂದನ್ನು ತೆರೆದ. ಗೋಪುರದಿಂದ ಸುತ್ತಿ ಸುತ್ತಿ ಜಾರುವ ಜಾರುಬಂಡೆ, ಭೂತದ ಮನೆ, ಪುಟ್ಟ ರೈಲು, ಬಳೆಯಾಟ ಇವೆಲ್ಲ ಅಲ್ಲಿದ್ದವು. ಮರುವರ್ಷ, ಒಂದಕ್ಕೊಂದು ಢಿಕ್ಕಿ ಹೊಡೆಯುವ ವಿದ್ಯುತ್ ಕಾರುಗಳನ್ನು ಅಮೆರಿಕದಿಂದ ತರಿಸಿ ಬ್ರಿಟನ್ನಿಗೆ ಪರಿಚಯಿಸಿದ. ಊರೂರಿಗೆ ಅಲೆಯುವ ಜಾತ್ರೆ ಒಂದು ಕಡೆ ನೆಲೆ ನಿಂತಿತು. ಮುಂದಿನ ಕೆಲವು ವರ್ಷಗಳಲ್ಲಿ ಇತರ ಕಡಲೂರುಗಳಲ್ಲಿಯೂ ಅವನ ಉದ್ಯಾನಗಳು ಎದ್ದವು. ಆದರೆ ಉದ್ಯಾನಕ್ಕೆ ಬಂದ ಸಂಸಾರ ರಾತ್ರಿ ಮಲಗಲು ಮತ್ತೆ ಅದೇ ಬಾಡಿಗೆ ಮನೆಗೇ ಹೋಗಬೇಕಲ್ಲ? ಬ್ಯಾರಿಯ ಮಳೆ ಅವನ ನೆನಪಿನಿಂದ ಹೋಗಿರಲಿಲ್ಲ.

ಶಿಬಿರದಲ್ಲಿ ರಜ ಕಳೆಯುವ ಪದ್ಧತಿಯನ್ನು ಬಟ್ಲಿನ್ನನೇ ಕಂಡುಹಿಡಿದನೆಂದರೆ ತಪ್ಪಾಗುತ್ತದೆ. ೧೮೯೦ರ ದಶಕದಲ್ಲಿಯೇ ಜೋಸೆಫ್ ಕನಿಂಗ್‌ಹ್ಯಾಮ್ ಎಂಬಾತ ಮ್ಯಾನ್ ದ್ವೀಪದಲ್ಲಿ ತರುಣರಿಗಾಗಿ ಗುಡಾರಗಳ ಶಿಬಿರವನ್ನು ನಡೆಸಿದ್ದ. ೧೯೦೬ರಲ್ಲಿ ಜಾನ್ ಫ್ಲೆಚರ್ ಡಾಡ್ ಎಂಬ ಕಿರಾಣಿ ವ್ಯಾಪಾರಿ ಕೈಸ್ಟರ್ ಎಂಬ ತೀರದಲ್ಲಿ ಸಮಾಜವಾದಿಗಳ ಶಿಬಿರವನ್ನು ಹೂಡಿದ್ದ. ಅಲ್ಲಿ ಮದ್ಯ ನಿಷಿದ್ಧ. ಇವೆರಡೂ ಒಳ್ಳೆಯ ಉದ್ದೇಶದವು, ಆದರೆ ಕಟ್ಟುಪಾಡಿನವು. ಮೊದಲನೆಯದರಲ್ಲಿ ಹೆಂಗಸರಿಗೆ ಎಡೆಯಿಲ್ಲ. ಎಳೆಗೂಸನ್ನೆತ್ತಿಕೊಂಡು ಬರುವ ತಾಯಿಗೆ ಗುಡಾರದ ಬಾಳು ರಜವೂ ಅಲ್ಲ. ೧೯೩೧ರಲ್ಲಿ ಹ್ಯಾರಿ ವಾರ್ನರ್ ಎಂಬ ಮಿತ್ರ ಹೇಲಿಂಗ್ ದ್ವೀಪದಲ್ಲಿ ಶಿಬಿರ ತೆರೆದಾಗ ಬಟ್ಲಿನ್ ಆ ಕೆಲಸವನ್ನು ಹತ್ತಿರದಿಂದ ನೋಡಿದ. ಅವನು ಮಾಡಿದ್ದಿಷ್ಟೆ: ಶಿಬಿರವನ್ನೂ ವಿನೋದೋದ್ಯಾನವನ್ನೂ ಒಂದೇ ಬೇಲಿಯೊಳಗೆ ಸೇರಿಸಿದ, ಗುಡಾರದ ಬದಲು ಪುಟ್ಟ ಮನೆ ಕಟ್ಟಿದ, ಎಲ್ಲಕ್ಕೂ ಸೇರಿಸಿ ಒಂದೇ ಬೆಲೆ ಕಟ್ಟಿದ.

ಸ್ಕೆಗ್ನೆಸ್‌ನ ಹೊರವಲಯದ ಇಂಗೋಲ್ಡ್‌ಮೆಲ್ಸ್ ಬಯಲಿನಲ್ಲಿ ೧೯೩೫ರಲ್ಲಿ ಕೆಲಸ ಆರಂಭವಾಯಿತು. ೧೯೩೬ನೆಯ ಏಪ್ರಿಲ್ ೧೧, ಈಸ್ಟರ್ ಹಬ್ಬದ ಶನಿವಾರ, ಬಾಗಿಲು ತೆರೆಯಿತು. ಆರಂಭೋತ್ಸವಕ್ಕೆ ಬಂದಾಕೆ, ೧೯೩೦ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಳೇ ವಿಮಾನ ಹಾರಿಸಿದ ಏಮಿ ಜಾನ್ಸನ್. ಮೊದಲಿಗೆ ಸುಮಾರು ೧,೦೦೦ ಜನಕ್ಕೆ ಸ್ಥಳ. ಕಾಲಕ್ಕನುಗುಣವಾಗಿ ವಾರಕ್ಕೆ ೩೫ ಷಿಲಿಂಗ್‌ನಿಂದ ೩ ಪೌಂಡಿನವರೆಗೆ ದರ. ವಸತಿ, ಊಟ, ಈಜುಕೊಳ, ನಾಟಕ, ಆಟ, ಎಲ್ಲವೂ ಅದರಲ್ಲೇ ಅಡಕ. ಒಂದು ವಾರದ ಕೂಲಿಗೆ ಒಂದು ವಾರದ ರಜ ಎಂಬುದು ಅವನು ಸಾರಿದ ಘೋಷ. ಮನೆಗೆ ವಿದ್ಯುದ್ದೀಪವುಂಟು, ನಲ್ಲಿಯಲ್ಲಿ ನೀರುಂಟು. ಬಂದವರಲ್ಲಿ ಎಷ್ಟೋ ಮಂದಿಯ ಸ್ವಂತ ಮನೆಗಳಲ್ಲಿ ಆಗ ಇವು ಇರಲಿಲ್ಲ ಎಂಬುದನ್ನು ಮರೆಯಬಾರದು.

ಮೊದಲ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಎಲ್ಲ ಸೌಕರ್ಯವೂ ಇತ್ತು. ಜನರ ಮುಖದಲ್ಲಿ ಸಂತೋಷ ಮಾತ್ರ ಇರಲಿಲ್ಲ. ಒಬ್ಬರೊಡನೊಬ್ಬರು ಮಾತಾಡರು, ಕೈಕಟ್ಟಿ ನಿಂತಿದ್ದಾರೆ. ಬಿಡುವನ್ನು ಹೇಗೆ ಕಳೆಯಬೇಕೆಂಬುದೇ ಅವರಿಗೆ ತಿಳಿಯದು. ಬಟ್ಲಿನ್ ಗಾಬರಿಯಾದ. ಶಿಬಿರದ ನಿರ್ಮಾಣದಲ್ಲಿ ಕೆಲಸಮಾಡಿದ್ದ ನಾರ್ಮನ್ ಬ್ರಾಡ್‌ಫೋರ್ಡ್ ಎಂಬ ಮಾತುಗಾರನನ್ನು ಕರೆದು ಜನರನ್ನು ಹೇಗಾದರೂ ನಗಿಸೆಂದು ಕೇಳಿಕೊಂಡ. ಆತ ವೇದಿಕೆ ಹತ್ತಿ ಹಾಸ್ಯದ ಮಾತಿಗೆ ತೊಡಗಿದ. ನಕ್ಕವರು ಪಕ್ಕದವರ ಮುಖ ನೋಡಿದರು. ಪಕ್ಕದವರು ಮಾತಿಗೆ ಬಂದರು. ರಾತ್ರಿಯ ಹೊತ್ತಿಗೆ ಶಿಬಿರ ಜೇನುಗೂಡಿನಂತೆ ಗುಂಯ್‌ಗುಟ್ಟುತ್ತಿತ್ತು. ಇಂಥ ಕೆಲಸಕ್ಕೆ ಒಬ್ಬ ಸಾಲದೆಂದು ಕಂಡುಕೊಂಡ ಬಟ್ಲಿನ್ ಅದಕ್ಕೆಂದೇ ಒಂದು ಪಂಗಡವನ್ನು ಕಟ್ಟಿ ಅವರಿಗೆ ಕೆಂಪು ಕೋಟು ತೊಡಿಸಿದ. ಮುಂದೆ ರೆಡ್‌ಕೋಟ್ ಎಂಬ ಹೆಸರು ಬ್ರಿಟನ್ನಿನಲ್ಲಿ ಮನೆಮಾತಾಯಿತು.

ಇಲ್ಲಿಯೇ ಅವನ ಮೇಲಿನ ದೊಡ್ಡ ಆಕ್ಷೇಪವೂ ಹುಟ್ಟಿತು. ಬೆಳಗ್ಗೆ ಧ್ವನಿವರ್ಧಕ ಕೂಗಿ ಎಬ್ಬಿಸುತ್ತದೆ, ಊಟಕ್ಕೆ ಕರೆಯುತ್ತದೆ, ಆಟಕ್ಕೆ ಕರೆಯುತ್ತದೆ. ಜನರನ್ನು ತಂಡಗಳಾಗಿ ಹಂಚಿ ಪಂದ್ಯ ಹೂಡುತ್ತಾರೆ. ವಿಚಾರವಂತರಿಗೆ ಇದು ಸಿಪಾಯಿಗಳ ಪಾಳೆಯದಂತೆ ಕಂಡಿತು. ಕಾರ್ಖಾನೆಯ ಸಿಳ್ಳಿನಿಂದ ತಪ್ಪಿಸಿಕೊಂಡು ಬಂದವನಿಗೆ ಇಲ್ಲಿಯೂ ಸಿಳ್ಳೇ ಎಂದು ಅವರು ಹಳಿದರು. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಒಬ್ಬನೇ ಕುಳಿತು ಕಡಲನ್ನು ನೋಡುವುದೇ ವಿರಾಮವೆಂದು ಬಗೆಯುವವನಿಗೆ ಅದು ಸಲ್ಲುವ ಸ್ಥಳವಲ್ಲ. ಆದರೆ ಹೀಗೆ ಹಳಿದವರ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಆಳುಗಳಿದ್ದರು. ಶಿಬಿರದಲ್ಲಿ ಇನ್ನೊಂದು ಏರ್ಪಾಡೂ ಇತ್ತು: ಸಂಜೆ ತಂದೆತಾಯಿಗಳು ನೃತ್ಯಕ್ಕೋ ನಾಟಕಕ್ಕೋ ಹೋದಾಗ ದಾದಿಯರು ಮನೆಗಳ ಸಾಲಿನಲ್ಲಿ ತಿರುಗುತ್ತ ಕಿವಿಗೊಟ್ಟು ಆಲಿಸುತ್ತಿದ್ದರು. ಯಾವುದಾದರೂ ಮನೆಯಲ್ಲಿ ಮಗು ಅತ್ತರೆ ಆ ಮನೆಯ ಸಂಖ್ಯೆಯನ್ನು ಸಭಾಂಗಣದಲ್ಲಿ ಪ್ರಕಟಿಸುತ್ತಿದ್ದರು. ಮದುವೆಯಾದಂದಿನಿಂದ ಒಂದು ಸಂಜೆಯೂ ಗಂಡನೊಡನೆ ಹೊರಗೆ ಹೋಗಿರದ ಗಿರಣಿಯ ಹೆಂಗಸಿಗೆ ಆ ಎರಡು ಗಂಟೆ ಎಂಥದೆಂಬುದನ್ನು ವಿಮರ್ಶಕರು ತೂಗಿ ನೋಡಲಿಲ್ಲ.

೧೯೩೮ರಲ್ಲಿ ಕ್ಲಾಕ್ಟನ್‌ನಲ್ಲಿ ಎರಡನೆಯ ಶಿಬಿರ ತೆರೆಯಿತು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಸಂಬಳಸಹಿತ ರಜದ ಕಾನೂನನ್ನು ಅಂಗೀಕರಿಸಿತು. ವೇತನ ಮಂಡಲಿಗಳು ಕೆಲಸಗಾರರಿಗೆ ವರ್ಷಕ್ಕೊಂದು ವಾರ ಸಂಬಳದ ರಜವನ್ನು ಗೊತ್ತುಮಾಡಬಹುದಾಯಿತು. ಈ ಕಾನೂನು ಕಾರ್ಮಿಕ ಸಂಘಗಳ ದೀರ್ಘ ಹೋರಾಟದ ಫಲ, ಬಟ್ಲಿನ್ನನ ಕೊಡುಗೆಯಲ್ಲ. ಆದರೆ ರಜ ಕೈಗೆ ಬಂದಾಗ ಹೋಗಲೊಂದು ಜಾಗವಿತ್ತು.

ಮರುವರ್ಷವೇ ಎರಡನೆಯ ಮಹಾಯುದ್ಧ. ಶಿಬಿರಗಳು ಸೈನ್ಯದ ವಶವಾದವು. ಸ್ಕೆಗ್ನೆಸ್ ನೌಕಾಪಡೆಯ ತರಬೇತಿ ಕೇಂದ್ರವಾಗಿ ರಾಯಲ್ ಆರ್ಥರ್ ಎಂಬ ಹಡಗಿನ ಹೆಸರನ್ನು ಪಡೆಯಿತು. ಈ ಹಡಗನ್ನು ಮುಳುಗಿಸಿದೆವೆಂದು ಜರ್ಮನ್ ರೇಡಿಯೊ ಸಾರಿತೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ನೆಲದ ಮೇಲಿನ ಹಡಗು ಮುಳುಗುವುದೆಂತು! ಅರ್ಧ ಕಟ್ಟಿದ್ದ ಫೈಲಿ ಶಿಬಿರ ವಾಯುಪಡೆಗೆ ಹೋಯಿತು. ಸ್ಕಾಟ್ಲೆಂಡಿನ ಏರ್, ವೇಲ್ಸಿನ ಪುಲ್‌ಹೆಲಿ ಎಂಬಲ್ಲಿ ನೌಕಾಪಡೆಗಾಗಿ ಅವನೇ ಪಾಳೆಯ ಕಟ್ಟಿಕೊಟ್ಟ. ಯುದ್ಧ ಮುಗಿದ ಮೇಲೆ ಅವನ್ನು ತಾನು ಕೊಳ್ಳುವುದೆಂದು ಮೊದಲೇ ಒಪ್ಪಂದ ಮಾಡಿಕೊಂಡಿದ್ದ. ದೇಶಸೇವೆಯೂ ಆಯಿತು, ಮುಂದಿನ ವ್ಯಾಪಾರಕ್ಕೆ ಬುನಾದಿಯೂ ಆಯಿತು. ಅವನ ಬಾಳಿನಲ್ಲಿ ಈ ಎರಡೂ ಎಳೆಗಳನ್ನು ಬೇರ್ಪಡಿಸಲು ಹೋದವರಿಗೆ ಸೋಲೇ ಗತಿ. ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರು ತಂಗುತ್ತಿದ್ದ ವಸತಿಗೃಹಗಳನ್ನು ಸುಧಾರಿಸುವ ಹೊಣೆಯನ್ನೂ ಸರ್ಕಾರ ಅವನಿಗೆ ವಹಿಸಿತು.

ಯುದ್ಧಾನಂತರದ ವರ್ಷಗಳು ಅವನ ಏಳಿಗೆಯ ಕಾಲ. ಐರ್ಲೆಂಡಿನ ಮಾಸ್ನಿಯಲ್ಲಿ ೧೯೪೮ರಲ್ಲಿ ಶಿಬಿರ ತೆರೆಯಿತು. ಏಳಿಗೆಯ ಅಮಲಿನಲ್ಲಿ ಅವನು ಬಹಾಮಾ ದ್ವೀಪಗಳಿಗೂ ಕೈಚಾಚಿದ. ಶ್ರೀಮಂತ ಅಮೆರಿಕನ್ನರಿಗಾಗಿ ಕಟ್ಟತೊಡಗಿದ ಆ ವಿಹಾರಗ್ರಾಮ ೧೯೫೦ರಲ್ಲಿ ಅರೆಬರೆಯಾಗಿಯೇ ತೆರೆದು, ಅದೇ ವರ್ಷ ಮುಚ್ಚಿಹೋಯಿತು. ಹಣ ಮುಳುಗಿತು, ಹೆಸರಿಗೂ ಮಸಿ ತಗುಲಿತು. ಬಡವನ ಸುಖವನ್ನು ಬಲ್ಲವನಿಗೆ ಸಿರಿವಂತನ ಸುಖ ತಿಳಿಯದೆ ಹೋಯಿತೆಂದು ನಾನು ಅರ್ಥಮಾಡಿಕೊಂಡಿದ್ದೇನೆ. ಅವನು ಮತ್ತೆ ತನ್ನ ಹಳೆಯ ಗಿರಾಕಿಗಳ ಬಳಿಗೇ ಬಂದ. ಬಾಗ್ನರ್ ೧೯೬೦ರಲ್ಲಿ, ಮೈನ್‌ಹೆಡ್ ೧೯೬೨ರಲ್ಲಿ ತೆರೆದವು. ಶಿಬಿರಗಳ ವೇದಿಕೆಗಳಲ್ಲಿ ಅನೇಕ ಕಲಾವಿದರು ಪಳಗಿದರು. ಬೀಟಲ್ಸ್ ತಂಡವನ್ನು ಸೇರುವಂತೆ ರಿಂಗೊ ಸ್ಟಾರ್‌ಗೆ ೧೯೬೨ರಲ್ಲಿ ಕರೆ ಬಂದಾಗ ಆತ ಸ್ಕೆಗ್ನೆಸ್ ಶಿಬಿರದಲ್ಲಿ ಬೇರೊಂದು ತಂಡದೊಡನೆ ಡೋಲು ಬಾರಿಸುತ್ತಿದ್ದ. ೧೯೬೪ರಲ್ಲಿ ಬಟ್ಲಿನ್ನನಿಗೆ ಸರ್ ಪದವಿ ದೊರೆಯಿತು. ೧೯೬೬ರಲ್ಲಿ ತೆರೆದ ಶಿಬಿರ ಬ್ಯಾರಿ ದ್ವೀಪದ್ದು. ನಲವತ್ತು ವರ್ಷಗಳಷ್ಟು ಹಿಂದೆ ಸಂಸಾರಗಳು ಮಳೆಯಲ್ಲಿ ನಿಂತದ್ದನ್ನು ಕಂಡ ಸ್ಥಳದಲ್ಲಿಯೇ ಅವನು ಕೊನೆಗೊಂದು ಸೂರು ಕಟ್ಟಿದ.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿಗೆ ಹೋಗಿದ್ದಾಗ ನಾನು ಸ್ಕೆಗ್ನೆಸ್ ಶಿಬಿರವನ್ನು ನೋಡಿಬಂದೆ. ಉತ್ತರ ಸಮುದ್ರದ ಗಾಳಿ ಬೇಸಗೆಯಲ್ಲಿಯೂ ಕಿವಿಯನ್ನು ಕೊರೆಯುತ್ತಿತ್ತು. ಮೊದಲ ವರ್ಷಗಳ ಪುಟ್ಟ ಮನೆಗಳಲ್ಲಿ ಒಂದನ್ನು ಸಂರಕ್ಷಿತ ಕಟ್ಟಡವೆಂದು ಉಳಿಸಿಕೊಂಡಿದ್ದಾರೆ. ಅರಮನೆಗಳನ್ನೂ ಇಗರ್ಜಿಗಳನ್ನೂ ಕಾಪಾಡುವ ಆ ದೇಶ ಕೂಲಿಯವನು ವಾರದ ಮಟ್ಟಿಗೆ ತಂಗಿದ್ದ ಕೋಣೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿರುವುದು ನನಗೆ ಹಿಡಿಸಿತು. ನಮ್ಮ ಊರಿನ ಛತ್ರದ ಕೋಣೆಗಿಂತ ಅದು ದೊಡ್ಡದಲ್ಲ. ನಾನು ಅದರ ಮುಂದೆ ನಿಂತಿದ್ದಾಗ ಮಳೆ ಬಂದಿತು. ಹತ್ತಿರದಲ್ಲೇ ಭಾರಿ ಗುಡಾರದಂತೆ ಬಿಳಿಯ ಹೊದಿಕೆ ಹೊದಿಸಿದ ಮಂಟಪವಿದೆ. ೧೯೯೦ರ ದಶಕದ ಕೊನೆಗೆ ಕಟ್ಟಿದ್ದು. ಅಜ್ಜಿಯೊಬ್ಬಳು ಮೂವರು ಮೊಮ್ಮಕ್ಕಳನ್ನು ಅಟ್ಟಿಕೊಂಡು ಅದರೊಳಕ್ಕೆ ಓಡಿದಳು, ನಾನೂ ಓಡಿದೆ. ಒಳಗೆ ನೂರಾರು ಜನ. ಯಾರಿಗೂ ಮಳೆಯ ಪರಿವೆಯಿಲ್ಲ. ಬಾಗಿಲು ಮುಚ್ಚಿ ಹೊರಗೆ ನಿಲ್ಲಿಸುವವರೂ ಇಲ್ಲ. ಆ ಮಕ್ಕಳಿಗಾಗಲಿ ಅಜ್ಜಿಗಾಗಲಿ ಬ್ಯಾರಿಯ ಸಂಗತಿ ಗೊತ್ತಿರಲಾರದು. ಗೊತ್ತಿರಬೇಕಾದ ಅಗತ್ಯವೂ ಇಲ್ಲ.

೧೯೬೮ರಲ್ಲಿ ಬಟ್ಲಿನ್ ಅಧಿಕಾರವನ್ನು ಮಗನಿಗೆ ಒಪ್ಪಿಸಿ ಜರ್ಸಿ ದ್ವೀಪದಲ್ಲಿ ನೆಲಸಿದ. ತೆರಿಗೆಯ ಭಾರ ಕಡಮೆಯೆಂಬುದು ಅದಕ್ಕೊಂದು ಕಾರಣ. ವರ್ತಕ ಕೊನೆಯವರೆಗೂ ವರ್ತಕನೇ. ೧೯೭೨ರಲ್ಲಿ ಸಂಸ್ಥೆ ೪೩ ದಶಲಕ್ಷ ಪೌಂಡಿಗೆ ರ‍್ಯಾಂಕ್ ಸಂಸ್ಥೆಯ ಪಾಲಾಯಿತು. ೧೯೮೦ರ ಜೂನ್ ೧೨ರಂದು ಅವನು ಜರ್ಸಿಯಲ್ಲಿಯೇ ತೀರಿಕೊಂಡ. ಅವನ ಆತ್ಮಕಥೆ ಪ್ರಕಟವಾದದ್ದು ಅವನ ಮರಣದ ತರುವಾಯ, ೧೯೮೨ರಲ್ಲಿ. ಅಷ್ಟರಲ್ಲಿ ಅಗ್ಗದ ವಿಮಾನಗಳು ಅವನ ಗಿರಾಕಿಗಳನ್ನು ಸ್ಪೇನಿನ ಬಿಸಿಲಿಗೆ ಒಯ್ಯುತ್ತಿದ್ದವು. ೧೯೮೩ರಲ್ಲಿ ಫೈಲಿ, ಕ್ಲಾಕ್ಟನ್‌ಗಳು ಮುಚ್ಚಿದವು. ೧೯೯೬ರಲ್ಲಿ ಬ್ಯಾರಿಯೂ ಮುಚ್ಚಿತು. ಏರ್, ಪುಲ್‌ಹೆಲಿಗಳು ಬೇರೆ ಹೆಸರಿನಲ್ಲಿ ಗಾಲಿಮನೆಗಳ ಬಿಡಾರಗಳಾದವು. ಸ್ಕೆಗ್ನೆಸ್, ಮೈನ್‌ಹೆಡ್, ಬಾಗ್ನರ್ ಈ ಮೂರು ಮಾತ್ರ ಅವನ ಹೆಸರಿನಲ್ಲಿ ಉಳಿದಿವೆ.

ಬಟ್ಲಿನ್ ಯಾರ ಉದ್ಧಾರಕ್ಕೂ ಹೊರಟವನಲ್ಲ. ಅವನು ತನ್ನ ಬಳೆಯಾಟದ ದಿಮ್ಮಿಗಳನ್ನು ಚಿಕ್ಕವು ಮಾಡಿದ, ಅಷ್ಟೆ. ಆದರೆ ಗೆಲುವೆಂಬುದನ್ನೇ ಕಾಣದ ಜನ ಅದರಿಂದ ವರ್ಷಕ್ಕೊಂದು ವಾರ ಗೆದ್ದರು. ಅವನ ಲಾಭದ ಲೆಕ್ಕ ಅವನ ಸಂಸ್ಥೆಯ ಪುಸ್ತಕಗಳಲ್ಲಿದೆ. ಮಳೆಗಾಲದ ಸಂಜೆ ಒಣ ಬಟ್ಟೆಯಲ್ಲಿ ನಕ್ಕ ಮಕ್ಕಳ ಲೆಕ್ಕವನ್ನು ಬರೆದಿಟ್ಟವರಿಲ್ಲ. ಎರಡನ್ನೂ ಕೂಡಿಸದೆ ಅವನ ಬಾಳಿನ ಮೊತ್ತ ಸಿಕ್ಕುವುದಿಲ್ಲ.